ಅಮ್ಮನ ಬೂದಿ, ಅಪ್ಪನ ಗುಡ್ಡೆ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.

ಆಕೆಗೆ ನಲವತ್ತೈದು ದಾಟಿದೆ. ಇರುವುದು ಮೈಸೂರಿನಲ್ಲಿ, ತವರು ಪಾಂಡವಪುರ ಕಡೆಯ ಹಳ್ಳಿ. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ಫೋನ್ ತೆಗೆದು ಒಂದು ಫೋಟೊ ತೋರಿಸಿದರು. ಪಂಪ್‌ಸೆಟ್ ಮನೆಯ ಜಂತೆಗೆ ನೇತುಹಾಕಿದ ಪುಟ್ಟ ಮಣ್ಣಿನ ಕುಡಿಕೆ. ಬಾಯಿಗೆ ಕೆಂಪು ಬಟ್ಟೆ, ಹೊರಗೊಂದು ಪ್ಲಾಸ್ಟಿಕ್ ಕವರ್. ಕತ್ತಿಗೆ ಕಟ್ಟಿದ ರಟ್ಟಿನ ಚೀಟಿಯಲ್ಲಿ ಬಾಲ್‌ಪೆನ್ನಿನ ನಂಬರ್, ಅರ್ಧ ಅಳಿಸಿಹೋಗಿದೆ.

"ಇದು ನಮ್ಮಮ್ಮ," ಅಂದರು.

2021ರ ಮೇ ತಿಂಗಳಲ್ಲಿ ಅಮ್ಮ ಬೆಂಗಳೂರಿನ ಮಗನ ಮನೆಯಲ್ಲಿದ್ದಾಗ ಕೋವಿಡ್ ಬಂದು ತೀರಿಹೋದರು. ವಿದ್ಯುತ್ ಚಿತಾಗಾರದಲ್ಲಿ ಸುಟ್ಟರು. ಇವರ ಮನೆತನದಲ್ಲಿ ಸುಡುವ ರೂಢಿಯೇ ಇಲ್ಲ, ಮಣ್ಣು ಮಾಡುತ್ತಾರೆ. ಅಪ್ಪನ ಗುಡ್ಡೆ ಊರ ತೋಟದಲ್ಲೇ ಇದೆ. "ನನ್ನನ್ನೂ ಅವರ ಪಕ್ಕಾನೇ ಹಾಕಿ" ಅಂತ ಅಮ್ಮ ಹೇಳುತ್ತಲೇ ಇದ್ದರಂತೆ. ಲಾಕ್‌ಡೌನ್ ಮುಗಿದ ಮೇಲೆ ಆಕೆಯ ತಮ್ಮ ಬೂದಿಯ ಕುಡಿಕೆ ತಂದುಕೊಟ್ಟ. ಮನೆಯೊಳಗೆ ಇಡಬಾರದು ಅಂತ ಗಂಡನ ಕಡೆಯವರ ತೋಟದಲ್ಲಿ ನೇತುಹಾಕಿದ್ದು ಹಾಗೇ ಉಳಿಯಿತು.

ಆ ವರ್ಷ ಜೂನ್‌ನಲ್ಲಿ, ಮನೆಯವರು ಒಯ್ಯದೇ ಉಳಿದಿದ್ದ ನೂರಾರು ಜನರ ಬೂದಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತ್ತು. ಟಿವಿಯಲ್ಲಿ ಅದನ್ನು ನೋಡಿ, ನಮ್ಮಮ್ಮನದು ಕೈಗೆ ಸಿಕ್ಕಿತಲ್ಲ ಅಂತ ಆಕೆ ಸಮಾಧಾನ ಪಟ್ಟಿದ್ದರು. ಸ್ವಂತ ಜಮೀನಿನಲ್ಲಿ ಅಂತ್ಯಸಂಸ್ಕಾರ ಮಾಡಲು ಆ ಏಪ್ರಿಲ್‌ನಲ್ಲೇ ಅನುಮತಿ ಇತ್ತು ಅಂತ ಆಮೇಲೆ ಯಾರೋ ಹೇಳಿದರು. ನಿದ್ದೆ ಕೆಟ್ಟಿದ್ದು ಅಲ್ಲಿಂದ. "ಊರಿಗೇ ತರಬಹುದಿತ್ತಲ್ಲ, ನಾನೇ ಕೇಳಲಿಲ್ಲ."

ಆ ದಿನ ಬೆಳಗಿನಿಂದ ಏನೇನಾಯಿತು ಹೇಳಿ ಅಂದೆ. ಆಕೆಗೂ ಕೋವಿಡ್ ಇತ್ತು. ಮೈಸೂರಿನ ಮನೆಯ ಒಂದು ರೂಮಿನಲ್ಲಿ ಜ್ವರದಲ್ಲಿ ಮಲಗಿದ್ದರು. ತಮ್ಮ ಒಬ್ಬನೇ ಆಂಬುಲೆನ್ಸ್ ಹಿಂದೆ ಹೋಗಿ ಸಾಲಿನಲ್ಲಿ ನಿಂತಿದ್ದ. ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿದ ಮೇಲೆ ಕೇಳಿದೆ: ಈ ಸ್ಥಿತಿಯಲ್ಲಿದ್ದ ಬೇರೆ ಹೆಣ್ಣುಮಗಳ ಮೇಲೆ ನೀವು ಈ ತಪ್ಪು ಹೊರಿಸುತ್ತೀರಾ? ತುಂಬ ಹೊತ್ತು ಅತ್ತರು.

ಈಗ ಬೂದಿಯನ್ನಾದರೂ ಅಪ್ಪನ ಗುಡ್ಡೆಯಲ್ಲಿ ಇಡೋಣ ಅಂದರೆ ಚಿಕ್ಕಪ್ಪ ಬಿಲ್‌ಕುಲ್ ಒಪ್ಪುತ್ತಿಲ್ಲ. ಸುಟ್ಟ ಮೇಲೆ ನೀರಿಗೇ ಹೋಗಬೇಕು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಇರೋದು ಯಾಕೆ, ಗುಡ್ಡೆ ಅಗೆದರೆ ಮನೆಗೆ ಆಗಿಬರಲ್ಲ, ಇದು ಅವರ ವಾದ. ಅವರನ್ನೂ ಕರೆದುಕೊಂಡು ಬನ್ನಿ ಅಂದೆ. ನನ್ನ ಅನುಭವದಲ್ಲಿ ಶಾಸ್ತ್ರದ ಮಾತು ಇಷ್ಟು ಗಟ್ಟಿಯಾಗಿ ಬಂದಾಗ ಅದರ ಹಿಂದೆ ಇನ್ನೇನೋ ಇರುತ್ತದೆ.

ಹಿರಿಯರು ಬಂದರು. ನಿಮಗೆ ಭಯ ಯಾವುದು ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಪಾಲಾದಾಗ ಗುಡ್ಡೆ ಇರುವ ಜಾಗ ಅವರಿಗೆ ಬಂದಿದೆ. ದಶಪಥ ಹೆದ್ದಾರಿ ಆದ ಮೇಲೆ ಜಮೀನು ಕೇಳಿಕೊಂಡು ಬರುವವರು ಜಾಸ್ತಿ. "ಈಗ ಒಂದಿದೆ, ನಾಳೆ ಎರಡಾಗುತ್ತೆ. ಕಲ್ಲು ನೆಡ್ತಾರೆ, ಮಂಟಪ ಕಟ್ತಾರೆ. ನನ್ನ ಮಕ್ಕಳು ಮಾರಬೇಕು ಅಂದ್ರೆ ಯಾರು ತಗೋತಾರೆ?" ಆಮೇಲೆ ದನಿ ಇಳಿಸಿ, "ಅಣ್ಣನ್ನ ಇಳಿಸಿದ್ದು ಈ ಕೈನಲ್ಲೇ. ಮತ್ತೆ ಅಲ್ಲಿ ಗುದ್ದಲಿ ಹಾಕೋಕೆ ಆಗಲ್ಲ" ಅಂದರು. ಎರಡೂ ನಿಜವಾದ ಸಂಕಟಗಳೇ. ಎರಡಕ್ಕೂ ದಾರಿ ಇತ್ತು.

ಗುದ್ದಲಿಯ ಮಾತು ಮೊದಲು. ದೇಹ ಇರುವುದು ಐದಾರು ಅಡಿ ಕೆಳಗೆ. ಕುಡಿಕೆಗೆ ಒಂದೂವರೆ ಅಡಿ ಸಾಕು, ಅದೂ ಗುಡ್ಡೆಯ ಮೇಲಲ್ಲ, ಪಕ್ಕದಲ್ಲಿ. ಅಣ್ಣನನ್ನು ಯಾರೂ ಮುಟ್ಟುವುದಿಲ್ಲ. ಹೂತ ದೇಹವನ್ನು ಹೊರತೆಗೆಯುವುದಾದರೆ ಅಧಿಕಾರಿಗಳ ಅನುಮತಿ ಬೇಕು, ಇದು ಹಾಗಲ್ಲ. ಆದರೆ ಜಮೀನು ಯಾರದೋ ಅವರ ಒಪ್ಪಿಗೆ ಬೇಕೇ ಬೇಕು, ಕದ್ದು ಮುಚ್ಚಿ ಮಾಡುವ ಕೆಲಸ ಇದಲ್ಲ ಅಂತ ಆಕೆಗೆ ಖಡಾಖಂಡಿತವಾಗಿ ಹೇಳಿದೆ.

ಪ್ಲಾಸ್ಟಿಕ್ ಕವರ್ ಬಿಚ್ಚಿ, ಕುಡಿಕೆಯನ್ನು ಹಾಗೇ ಇಡಿ ಅಂದೆ. ಬೂದಿಯಲ್ಲಿ ಉಳಿಯುವುದು ಹೆಚ್ಚಾಗಿ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ವಾಸನೆ ಇಲ್ಲ, ನಾಯಿ ಕೆದಕುವ ಭಯ ಇಲ್ಲ. ಮೇಲೊಂದು ತೆಂಗಿನ ಸಸಿ ನೆಡೋಣ ಅಂತ ಆಕೆಗೆ ಆಸೆ. ಬೂದಿಯಲ್ಲಿ ಉಪ್ಪು, ಕ್ಷಾರ ಜಾಸ್ತಿ, ಎಳೆ ಬೇರಿಗೆ ಆಗಲ್ಲ. ಸಸಿ ಸ್ವಲ್ಪ ದೂರ ಇರಲಿ ಅಂದೆ.

ನೀರಿನ ಮಾತನ್ನು ನಾನು ತಳ್ಳಿಹಾಕಲಿಲ್ಲ. ಒಂದು ಹಿಡಿ ಪಶ್ಚಿಮವಾಹಿನಿಗೆ, ಉಳಿದದ್ದು ಮಣ್ಣಿಗೆ, ಆಗಬಹುದಾ ಅಂದೆ. ಬೂದಿ ಎರಡು ಪಾಲು ಮಾಡಬಾರದಲ್ವಾ ಅಂದರು ಹಿರಿಯರು. ಗಾಂಧೀಜಿಯ ಚಿತಾಭಸ್ಮವನ್ನು 1948ರಲ್ಲಿ ಎಷ್ಟೋ ನದಿಗಳಿಗೆ ಹಂಚಿದ್ದರು, ಪಶ್ಚಿಮವಾಹಿನಿಗೂ ಬಂದಿತ್ತು. ಅದನ್ನು ನೆನಪಿಸಿದೆ. "ಹೌದು, ನಮ್ಮಪ್ಪ ಹೋಗಿದ್ರು" ಅಂದರು.

ಜಮೀನಿನ ವಿಷಯ ಒಂದು ಹಾಳೆಯಲ್ಲಿ ಬರೆದುಕೊಂಡರು. ಕಲ್ಲು ನೆಡುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ, ಹಕ್ಕು ಕೇಳುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಬಂದು ಎಡೆ ಇಡಲು ಯಾರೂ ತಡೆಯುವುದಿಲ್ಲ. ಮುಂದೆ ಮಾರುವುದಾದರೆ ಆ ಜಾಗದ ಹಿಡಿ ಮಣ್ಣು ತೆಗೆದು ನದಿಗೆ ಬಿಡುವುದು. ಕೊನೆಯ ಸಾಲು ಚಿಕ್ಕಪ್ಪನೇ ಬರೆಸಿದ್ದು. ಕಾನೂನಿನ ಬಲ ಬೇಕಾದರೆ ವಕೀಲರಿಗೆ ತೋರಿಸಿ ಅಂತ ಹೇಳಿದ್ದೇನೆ.

ಆಕೆ ಮುಂದಿನ ವಾರವೇ ಮುಗಿಸಿಬಿಡುವ ಆತುರದಲ್ಲಿದ್ದರು. ನಾನು ಬೇಡ ಅಂದೆ. ಅವತ್ತು ಒಬ್ಬನೇ ಸಾಲಿನಲ್ಲಿ ನಿಂತಿದ್ದ ತಮ್ಮನನ್ನು ಈ ಮನೆಯಲ್ಲಿ ಇನ್ನೂ ಯಾರೂ ಏನೂ ಕೇಳಿಲ್ಲ. ಅವನು ಬರಲಿ, ಕುಡಿಕೆ ಅವನ ಕೈಯಿಂದಲೇ ಇಳಿಯಲಿ. ಅದಕ್ಕೂ ಮೊದಲು ಆ ದಿನದ ಬಗ್ಗೆ ಅವನು ಏನು ಹೇಳುತ್ತಾನೋ ಕೂತು ಕೇಳಿ, ಮಧ್ಯೆ ಬಾಯಿ ಹಾಕಬೇಡಿ ಅಂದೆ. ಆಕೆಯ ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿ ಮುಂದುವರಿದಿದೆ. ತಮ್ಮನಿಗೆ ರಜೆ ಸಿಕ್ಕ ಮೇಲೆ ದಿನ ಗೊತ್ತುಮಾಡುತ್ತಾರೆ.