ಮುದ್ದೆಗೂ ಲೆಕ್ಕ ಬೇಕು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಶುಗರ್ ಇರುವವರು ರಾಗಿ ಮುದ್ದೆ ತಿಂದರೆ ಮಾತ್ರೆ ಬಿಡಬಹುದಾ? ಕಳೆದ ತಿಂಗಳೂ ಅದೇ ಇತ್ತು. ನಾನು ಪ್ರಕೃತಿ ಚಿಕಿತ್ಸೆ ಓದಿ, ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು. ಜನರ ಊಟ ಸರಿಮಾಡುವುದೇ ನನ್ನ ಕೆಲಸ. ಹಾಗಾಗಿ ಊಟದ ಹೆಸರಿನಲ್ಲಿ ಸುಳ್ಳು ಹಬ್ಬಿದರೆ ನನಗೆ ಸಿಟ್ಟು ಬರುತ್ತದೆ. ಶುಗರ್ ಅಂದರೇನು, ಯಾಕೆ ಬರುತ್ತದೆ ಅಂತ ಮತ್ತೆ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿದೆ.

ಪ್ರಶ್ನೆ: ನನಗೆ 52 ವರ್ಷ. ಶುಗರ್ ಬಂದು ಆರು ವರ್ಷ ಆಯಿತು. ಅನ್ನ ಪೂರ್ತಿ ಬಿಟ್ಟಿದ್ದೇನೆ. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ. ಆದರೂ ಊಟದ ನಂತರದ ಶುಗರ್ 260ರ ಹತ್ತಿರ ಬರುತ್ತಿದೆ. ಈಗಿನದು ಹೈಬ್ರಿಡ್ ರಾಗಿ, ಅದಕ್ಕೇ ಹೀಗಾಗುತ್ತೆ ಅಂತಾರೆ. ನಾಟಿ ರಾಗಿ ತಂದುಕೊಂಡರೆ ಮಾತ್ರೆ ಬಿಡಬಹುದಾ ಮೇಡಂ? (ಮದ್ದೂರಿನಿಂದ)

ಬಿಡಬೇಡಿ. ಮುಂದಿನದನ್ನು ಓದದಿದ್ದರೂ ಇದೊಂದನ್ನು ನೆನಪಿಡಿ.

ರಾಗಿ ಒಳ್ಳೆಯ ಧಾನ್ಯ. ನಮ್ಮ ಮನೆಯಲ್ಲೂ ವಾರಕ್ಕೆ ನಾಲ್ಕು ದಿನ ಮುದ್ದೆ ಆಗುತ್ತದೆ. ಆದರೆ ಅದು ಊಟ, ಔಷಧಿ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಒಂದು ಪಟ್ಟಿ ಪ್ರಕಟಿಸಿತು. ಅದರಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುವ ಅಂಶ, ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 78 ಗ್ರಾಂ. ಜನ ಅಂದುಕೊಂಡಷ್ಟು ದೊಡ್ಡ ವ್ಯತ್ಯಾಸ ಇದರಲ್ಲಿ ಇಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ರಾಗಿಯಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಸಿಗುವುದಿಲ್ಲ. ರಾಗಿ ದೊಡ್ಡದು ಅನ್ನುವುದು ಈ ಕಾರಣಕ್ಕೆ.

ಈಗ ನಿಮ್ಮ ತಟ್ಟೆಗೆ ಬರೋಣ. ಒಂದು ಸಾಧಾರಣ ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹೋಗುತ್ತದೆ. ನಂಬಿಕೆ ಇಲ್ಲದಿದ್ದರೆ ನಾಳೆ ಎಸರಿಗೆ ಹಾಕುವ ಮುಂಚೆ ತೂಗಿ ನೋಡಿ. 90 ಗ್ರಾಂ ಅಂತ ಹಿಡಿದರೂ ಒಂದು ಮುದ್ದೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. ಎರಡಕ್ಕೆ 120. ಅಷ್ಟೇ ಕಾರ್ಬೋಹೈಡ್ರೇಟ್ ಅನ್ನದಿಂದ ಬರಬೇಕಾದರೆ ಸುಮಾರು 150 ಗ್ರಾಂ ಅಕ್ಕಿ ಬೇಯಿಸಬೇಕು. ಒಂದೇ ಹೊತ್ತಿಗೆ ಅಷ್ಟು ಅನ್ನ ಉಣ್ಣಿ ಅಂದರೆ ನೀವೇ ಹೆದರಿಕೊಳ್ಳುತ್ತೀರಿ. ಮುದ್ದೆ ಅಂದಾಗ ಆ ಹೆದರಿಕೆ ಬರುವುದಿಲ್ಲ. ಅಳತೆ ತಪ್ಪುವುದು ಅಲ್ಲೇ. ಅದರ ಮೇಲೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹೊಟ್ಟೆ ತುಂಬಿತು ಅಂತ ಗೊತ್ತಾಗುವಷ್ಟರಲ್ಲಿ ಎರಡನೆಯದೂ ಮುಗಿದಿರುತ್ತದೆ.

ನಿಮ್ಮ ಬೆಳಗಿನ ಮಾಲ್ಟ್ ಇನ್ನೂ ದೊಡ್ಡ ತೊಂದರೆ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ರಾಗಿಯ ಹಿಟ್ಟು. ರಾಗಿ ಮೊಳಕೆ ಬಂದಾಗ ಕಾಳಿನೊಳಗೆ ಪಿಷ್ಟ ಒಡೆಯುವ ಕಿಣ್ವ ತಯಾರಾಗುತ್ತದೆ. ಪಿಷ್ಟದ ಒಂದು ಭಾಗ ಸಕ್ಕರೆಯಾಗುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳುವಾಗಿ, ಸ್ವಲ್ಪ ಸಿಹಿಯಾಗಿ ಇರುವುದು ಇದರಿಂದಲೇ. ಆರು ತಿಂಗಳು ದಾಟಿದ ಮಗುವಿಗೆ ರಾಗಿ ಸರಿ ಕೊಡುತ್ತೇವಲ್ಲ, ಆ ಮಗುವಿಗೆ ಇದು ತುಂಬಾ ಒಳ್ಳೆಯದು. ಪುಟ್ಟ ಹೊಟ್ಟೆ, ತೆಳು ಗಂಜಿ, ಸುಲಭವಾಗಿ ಜೀರ್ಣ. ನಮ್ಮ ಅಜ್ಜಿಯಂದಿರು ಇದನ್ನು ಎಷ್ಟು ಚೆನ್ನಾಗಿ ತಿಳಿದಿದ್ದರು ಅಂತ ನನಗೆ ಇವತ್ತಿಗೂ ಆಶ್ಚರ್ಯ ಆಗುತ್ತದೆ. ಆದರೆ ಮಗುವಿಗೆ ಬೇಕಾದ ಆ ಗುಣವೇ ಶುಗರ್ ಇರುವವರಿಗೆ ಬೇಡದ ಗುಣ. ಬೇಗ ಜೀರ್ಣವಾದರೆ ಬೇಗ ರಕ್ತಕ್ಕೆ ಸೇರುತ್ತದೆ. ಅದರ ಮೇಲೆ ನೀವು ಬೆಲ್ಲ ಹಾಕಿದ್ದೀರಿ. ಬೆಲ್ಲ ಸಕ್ಕರೆ ಅಲ್ಲ ಅನ್ನುವ ಮಾತು ನಾಲಿಗೆಗೆ ಸರಿ, ರಕ್ತಕ್ಕೆ ಅದೂ ಸಕ್ಕರೆಯೇ. ಮಾಲ್ಟ್ ಇವತ್ತೇ ನಿಲ್ಲಿಸಿ. ಬೆಳಿಗ್ಗೆ ಏನಾದರೂ ಕುಡಿಯಲೇಬೇಕು ಅಂದರೆ ಎರಡು ಚಮಚ ಸಾದಾ ರಾಗಿ ಹಿಟ್ಟಿನ ಅಂಬಲಿ ಮಾಡಿ, ಮಜ್ಜಿಗೆ, ಈರುಳ್ಳಿ, ಉಪ್ಪು ಹಾಕಿಕೊಳ್ಳಿ.

ಹಿಟ್ಟನ್ನೂ ನೋಡಿಕೊಳ್ಳಿ. ನುಣ್ಣಗೆ ಬೀಸಿಸಿ, ಸಣ್ಣ ಜರಡಿ ಹಿಡಿದು ತವುಡು ತೆಗೆದರೆ ನಾರು ಹೋಗುತ್ತದೆ. ಮುದ್ದೆ ನಯವಾಗಿ ಬರುತ್ತದೆ, ನಿಜ. ಆದರೆ ಯಾವ ನಾರಿಗಾಗಿ ರಾಗಿ ತಿಂದಿರೋ ಅದನ್ನೇ ಎಸೆದ ಹಾಗಾಯಿತು. ಮಿಲ್ಲಿನಲ್ಲಿ ಸ್ವಲ್ಪ ತರಿಯಾಗಿರಲಿ ಅಂತ ಹೇಳಿ. ಜರಡಿ ಬೇಡ.

ಹೈಬ್ರಿಡ್ ರಾಗಿಯ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಜೋಳ, ಮೆಕ್ಕೆಜೋಳದ ಹಾಗೆ ವರ್ಷವರ್ಷ ಕಂಪನಿಯ ಹೈಬ್ರಿಡ್ ಬೀಜ ಕೊಂಡು ಬಿತ್ತುವ ಬೆಳೆ ಇದಲ್ಲ. ಜನ ಹೈಬ್ರಿಡ್ ಅನ್ನುವುದು ಸುಧಾರಿಸಿದ ತಳಿಗಳನ್ನು. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿ.ಎಚ್. ಲಕ್ಷ್ಮಣಯ್ಯ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಹೆಸರು ಬಂದಿದ್ದು ಹಾಗೆ. ಎಕರೆಗೆ ಇಳುವರಿ ಜಾಸ್ತಿ ಆಯಿತು, ಎಷ್ಟೋ ಬಡ ಮನೆಗಳ ಹೊಟ್ಟೆ ತುಂಬಿತು. ನೀವು ಮದ್ದೂರಿನವರು, ಆ ಫಾರಂ ನಿಮ್ಮ ಪಕ್ಕದಲ್ಲೇ ಇದೆ. ಅಂಥವರ ದುಡಿಮೆಯ ಮೇಲೆ ಸುಮ್ನೆ ಅಪವಾದ ಹಾಕಬಾರದು. ನಾಟಿ ರಾಗಿ ರುಚಿ ಅನಿಸಿದರೆ ಅದನ್ನೇ ತನ್ನಿ. ಆದರೆ ಎರಡು ನಾಟಿ ಮುದ್ದೆಯೂ ಎರಡು ಮುದ್ದೆಯೇ.

ಇನ್ನೊಂದು ಮಾತು ನನಗೆ ಗೊತ್ತು. 'ನಮ್ಮ ತಾತ ಮೂರು ಮುದ್ದೆ ಉಣ್ಣೋರು, ಅವರಿಗೆ ಶುಗರ್ ಇರಲಿಲ್ಲ ಅಲ್ವಾ?' ಇರಲಿಲ್ಲವೇನೋ. ತಾತ ಬೆಳಗಿನ ಜಾವ ಎದ್ದು ನೇಗಿಲು ಹಿಡಿಯುತ್ತಿದ್ದರು, ಬಾವಿ ನೀರು ಸೇದುತ್ತಿದ್ದರು, ಸಂತೆಗೆ ನಡೆದೇ ಹೋಗುತ್ತಿದ್ದರು. ಆ ಮೂರು ಮುದ್ದೆ ಸಂಜೆಯೊಳಗೆ ಖರ್ಚಾಗುತ್ತಿತ್ತು. ನೀವು ಮತ್ತು ನಾನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು.

ಹಾಗಾದರೆ ಏನು ಮಾಡಬೇಕು? ಮಧ್ಯಾಹ್ನ ಒಂದು ಸಣ್ಣ ಮುದ್ದೆ, 50 ಗ್ರಾಂ ಹಿಟ್ಟಿನದು. ಅದಕ್ಕೆ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಯಾವುದಾದರೂ ಸರಿ, ಸೊಪ್ಪು ಕಾಳು ಧಾರಾಳವಾಗಿ ಇರಬೇಕು. ಮೊದಲು ಪಲ್ಯ ಮತ್ತು ಕಾಳು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. ಮಾಂಸ ತಿನ್ನುವವರಾದರೆ ತುಂಡು ತಿನ್ನಿ, ಬರೀ ಸಾರು ಸುರಿದುಕೊಳ್ಳಬೇಡಿ. ಊಟ ಆದ ಮೇಲೆ ಹದಿನೈದು ನಿಮಿಷ ನಡೆಯಿರಿ. ರಾತ್ರಿ ಊಟ ಎಂಟರೊಳಗೆ ಮುಗಿಯಲಿ, ಅದೂ ಅಷ್ಟೇ ಅಳತೆಯಲ್ಲಿ. ಆಮೇಲೆ ಗ್ಲುಕೋಮೀಟರ್ ತೆಗೆದುಕೊಳ್ಳಿ. ಊಟಕ್ಕೆ ಮುಂಚೆ ಒಂದು ಸಲ, ಊಟ ಶುರು ಮಾಡಿದ ಎರಡು ಗಂಟೆಗೆ ಒಂದು ಸಲ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಗಂಟೆಯ ಅಂಕಿ ಸಾಮಾನ್ಯವಾಗಿ 180ರೊಳಗೆ ಇರಬೇಕು. ಒಂದು ವಾರ ಮುದ್ದೆ, ಒಂದು ವಾರ ಅಳೆದ ಅನ್ನ, ಒಂದು ವಾರ ಜೋಳದ ರೊಟ್ಟಿ, ಹೀಗೆ ನೋಡಿದರೆ ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅಂತ ನಿಮಗೇ ತಿಳಿಯುತ್ತದೆ. ನನ್ನ ಮಾತಿಗಿಂತ ಆ ಪುಸ್ತಕದ ಅಂಕಿಯನ್ನು ನಂಬಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಸಲಹೆ ಹಿಡಿಯಬೇಡಿ. ರಾಗಿಯಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಅಕ್ಕಿಗಿಂತ ಜಾಸ್ತಿ. ನಿಮ್ಮ ಕಿಡ್ನಿ ಡಾಕ್ಟರನ್ನು ಕೇಳಿಯೇ ತಿನ್ನಿ.

ಇನ್ನು ಮಾತ್ರೆ. ಮೂರು ವರ್ಷದ ಹಿಂದೆ ಒಬ್ಬ ಮೇಷ್ಟ್ರು ನನ್ನ ಹತ್ತಿರ ಬಂದರು. ಯಾವುದೋ ಕಲ್ಯಾಣ ಮಂಟಪದಲ್ಲಿ ನಡೆದ ಶಿಬಿರಕ್ಕೆ ಹೋಗಿ, ಅಲ್ಲಿ ಕೊಟ್ಟ ಪುಡಿ ನಂಬಿ, ನಾಲ್ಕು ತಿಂಗಳು ಮಾತ್ರೆ ಬಿಟ್ಟಿದ್ದರು. ಶುಗರ್ ಚೆಕ್ ಮಾಡಿಸಬೇಡಿ, ಯಂತ್ರ ನೋಡಿದರೆ ಭಯ ಜಾಸ್ತಿಯಾಗುತ್ತದೆ ಅಂತ ಅಲ್ಲಿ ಹೇಳಿದ್ದರಂತೆ. ಕಾಲಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಆಗಿತ್ತು. ನೋವು ಇರಲಿಲ್ಲ, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ಮುಂದೆ ಕಾಲುಚೀಲ ಬಿಚ್ಚಿದಾಗ ವಾಸನೆ ಬಂತು. ಅವತ್ತೇ ಸರ್ಜನ್ ಹತ್ತಿರ ಕಳಿಸಿದೆ. ಎರಡು ಬೆರಳು ತೆಗೆಯಬೇಕಾಯಿತು. ಒಳ್ಳೆಯ ಮನುಷ್ಯ, ಓದಿಕೊಂಡವರು. ಪುಡಿ ಮಾರಿದವರು ಇನ್ನೊಂದು ಊರಿನಲ್ಲಿ ಶಿಬಿರ ಮಾಡುತ್ತಿದ್ದರು. ಇಂಥ ಪುಡಿ ತಿಂದು ನಿಜವಾಗಿಯೂ ಶುಗರ್ ಇಳಿದರೂ ಖುಷಿಪಡಬೇಡಿ. ಗಿಡಮೂಲಿಕೆ ಅಂತ ಮಾರುವ ಪುಡಿಯಲ್ಲಿ ಶುಗರ್ ಮಾತ್ರೆಯ ಔಷಧಿಯನ್ನೇ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಯಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆ ಅಂತ ಯಾರಿಗೆ ಗೊತ್ತು?

ಇದರ ಇನ್ನೊಂದು ಮಗ್ಗುಲೂ ಇದೆ. ಊಟ ನಿಜವಾಗಿಯೂ ಸರಿಹೋಗಿ, ತೂಕ ಇಳಿದರೆ ಮಾತ್ರೆ ಕಡಿಮೆ ಮಾಡಬೇಕಾಗುತ್ತದೆ. ಕೆಲವರಿಗೆ ಪೂರ್ತಿ ನಿಲ್ಲಿಸಲೂ ಆಗುತ್ತದೆ, ನಾನೇ ನೋಡಿದ್ದೇನೆ. ಆದರೆ ಅದನ್ನು ಮಾಡುವವರು ಮಾತ್ರೆ ಬರೆದ ಡಾಕ್ಟರ್. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಾ ಏಕಾಏಕಿ ಅರ್ಧ ಊಟ ಬಿಟ್ಟರೆ, ಉಪವಾಸ ಮಾಡಿದರೆ ಶುಗರ್ ಕುಸಿಯುತ್ತದೆ. ಬೆವರು, ಕೈ ನಡುಕ, ಕಣ್ಣು ಮಂಜು. ಆಗ ರಾಗಿಯೂ ಬೇಡ, ಪಥ್ಯವೂ ಬೇಡ, ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಹಾಗಾಗಿ ನಾನು ಹೇಳಿದ ಅಳತೆಗೆ ಇಳಿಯುವ ಮುಂಚೆ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯುತ್ತೇನೆ. ಕೆಲವು ದಿನ ಕಹಿ ಇರುತ್ತದೆ. ಕಹಿ ಇದ್ದರೆ ಒಳ್ಳೆಯದಂತೆ, ಹೌದಾ?

ಕಹಿ ಅನಿಸಿದ ತಕ್ಷಣ ಉಗುಳಿ. ಆ ಕಹಿಯ ಹೆಸರು ಕುಕುರ್ಬಿಟಾಸಿನ್, ಅದು ವಿಷ. ನಮ್ಮ ದೇಶದಲ್ಲಿ ಅದರಿಂದ ಜನ ಸತ್ತಿದ್ದಾರೆ. ಬೇಯಿಸಿದರೂ ಹೋಗುವುದಿಲ್ಲ. ಕಹಿ ಇಲ್ಲದ ಕಾಯಿಯನ್ನು ಪಲ್ಯ ಮಾಡಿ ತಿನ್ನಿ, ರಸದ ಹಟ ಬಿಡಿ.

ಪ್ರಶ್ನೆ: ಕೊಲೆಸ್ಟ್ರಾಲ್‌ಗೆ ಬಿಂಬುಳಿ ರಸ ಒಳ್ಳೆಯದಾ? (ಪುತ್ತೂರಿನಿಂದ)

ಬೇಡವೇ ಬೇಡ. ಆ ಹುಳಿ ಕಾಯಿಯಲ್ಲಿ ಆಕ್ಸಲೇಟ್ ತುಂಬಾ ಇದೆ, ಅದು ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಹೀಗೆ ರಸ ಕುಡಿದು ಕಿಡ್ನಿ ಕೆಟ್ಟವರ ಬಗ್ಗೆ ಕೇರಳದ ವೈದ್ಯರು 2013ರಲ್ಲೇ ಬರೆದಿದ್ದಾರೆ. ಮೀನು ಸಾರಿಗೆ ನಾಲ್ಕು ಕಾಯಿ ಹಾಕುವುದೇ ಬೇರೆ, ಲೋಟಗಟ್ಟಲೆ ಕುಡಿಯುವುದೇ ಬೇರೆ.

ಪ್ರಶ್ನೆ: ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣ ಬಳಸಿದರೆ ಬಿಪಿ ಇಳಿಯುತ್ತದಾ?

ಇಳಿಯುವುದಿಲ್ಲ. ಅದೂ ಸೋಡಿಯಂ ಕ್ಲೋರೈಡೇ. ಅಯೋಡಿನ್ ತಪ್ಪಿಹೋಗುತ್ತದೆ ಅಷ್ಟೇ. ಯಾವ ಉಪ್ಪಾದರೂ ದಿನಕ್ಕೆ ಒಂದು ಚಿಕ್ಕ ಚಮಚ ದಾಟಬಾರದು.

ಪ್ರಶ್ನೆ: ಆಲ್ಕಲೈನ್ ನೀರಿನ ಯಂತ್ರ ಕೊಳ್ಳಬಹುದಾ?

ಆ ದುಡ್ಡಿಗೆ ತರಕಾರಿ ಕೊಳ್ಳಿ.

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಪ್ರಕೃತಿ ಚಿಕಿತ್ಸೆಯಲ್ಲಿ ಆಸಕ್ತಿ. ಆರು ತಿಂಗಳ ಆನ್‌ಲೈನ್ ಹೋಲಿಸ್ಟಿಕ್ ಕೋರ್ಸ್ ಮಾಡಿದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಬಹುದು ಅಂತ ಹೇಳುತ್ತಿದ್ದಾರೆ. ಸೇರಿಸಲಾ?

ಸೇರಿಸಬೇಡಿ. ಆರು ತಿಂಗಳು ವಿಡಿಯೊ ನೋಡಿದವರು ರೋಗಿಯ ಮೇಲೆ ಕೈ ಇಡುವುದು ತಪ್ಪು. ಕಲ್ಯಾಣ ಮಂಟಪದ ಶಿಬಿರಗಳಿಗೆ ಜನ ತಯಾರಾಗುವುದು ಇಂಥ ಕೋರ್ಸುಗಳಿಂದಲೇ.

ಸರಿಯಾದ ದಾರಿ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಕರ್ನಾಟಕದಲ್ಲಿ ಸೀಟು ಸಿಇಟಿ ಮೂಲಕ ಸಿಗುತ್ತದೆ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಇದನ್ನು ಕಲಿಸುತ್ತಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಇದೆ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಓದಬೇಕು. ನಾವೂ ಹೆಣದ ಮುಂದೆ ನಿಂತೇ ಕಲಿತವರು. ಮಣ್ಣಿನ ಪಟ್ಟಿ, ನೀರಿನ ಚಿಕಿತ್ಸೆ, ಉಪವಾಸ ಎಲ್ಲ ಅದರ ಮೇಲೆ. ಯಾರಿಗೆ ಉಪವಾಸ ಮಾಡಿಸಬಾರದು ಅಂತ ಗೊತ್ತಾಗಲು ಅಷ್ಟು ವರ್ಷ ಬೇಕಾಗುತ್ತದೆ.

ಅಷ್ಟು ವರ್ಷ ಓದಿಸಲು ಆಗದಿದ್ದರೆ ಪುಣೆಯ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯಲ್ಲಿ ಒಂದು ವರ್ಷದ ಚಿಕಿತ್ಸಾ ಸಹಾಯಕರ ತರಬೇತಿ ಇದೆ. ಅದು ಗೌರವದ ಕೆಲಸ. ಒಳ್ಳೆಯ ಸಹಾಯಕರು ಸಿಗದೆ ನಮ್ಮಂಥವರು ಪರದಾಡುತ್ತಿದ್ದೇವೆ. ಆದರೆ ಅವರು ಡಾಕ್ಟರ ಕೆಳಗೆ ಕೆಲಸ ಮಾಡಬೇಕು, ಡಾಕ್ಟರ್ ಅಂತ ಬೋರ್ಡ್ ಹಾಕುವ ಹಾಗಿಲ್ಲ.

ಮಗಳನ್ನು ಒಂದು ದಿನ ಯಾವುದಾದರೂ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಐದೂವರೆಗೆ ಅಲ್ಲಿ ಏನು ನಡೆಯುತ್ತದೆ ಅಂತ ಅವಳೇ ನೋಡಲಿ. ಅರ್ಜಿ ಹಾಕುವುದು ಆಮೇಲೆ.