ಕತ್ತಿನ ಕಪ್ಪು ಕೊಳೆಯಲ್ಲ

(ಹೆಸರು, ಗುರುತು ಬದಲಿಸಿದ್ದೇನೆ.)

ಸುಮಾಳಿಗೆ 22. ಏಪ್ರಿಲ್ ಬಿಸಿಲಲ್ಲೂ ದುಪ್ಪಟ್ಟಾವನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡೇ ನನ್ನ ಬಳಿ ಸಲಹೆಗೆ ಬಂದಳು. ಮಾತು ಶುರು ಮಾಡಿದ್ದು ಜೊತೆಗಿದ್ದ ತಾಯಿ: "ಕಡಲೆಹಿಟ್ಟು, ನಿಂಬೆಹೋಳು ಎಲ್ಲ ಹಾಕಿ ತಿಕ್ಕಿದ್ದಾಯ್ತು ಮೇಡಂ. ಇವಳಿಗೆ ನೆಟ್ಟಗೆ ಸ್ನಾನ ಮಾಡೋಕೂ ಸೋಮಾರಿತನ." ದುಪ್ಪಟ್ಟಾ ಸರಿಸಿದರೆ ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು ಪಟ್ಟಿ. ತಿಕ್ಕಿ ತಿಕ್ಕಿ ಅಂಚಿನ ಚರ್ಮ ಕೆಂಪಾಗಿತ್ತು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಹುಡುಗಿ ಫೈಲು ತೆಗೆದಳು. ನಾಲ್ಕು ತಿಂಗಳಿಂದ ಮುಟ್ಟಿಲ್ಲ. ಗದ್ದದ ಕೂದಲಿಗೆ ವಾರಕ್ಕೊಮ್ಮೆ ಥ್ರೆಡಿಂಗ್. ಡಾಕ್ಟರು ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎಂದಿದ್ದರು. ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಅಂಕಿ ಹೆಚ್ಚಿತ್ತು, ಅದರ ಮೇಲೆ ಪೆನ್ನಿನಲ್ಲಿ ಗೀಚಿದ್ದಳು. "ಗಂಡಸರ ಹಾರ್ಮೋನಂತೆ. ಹಾಗಾದ್ರೆ ನಾನು ಪೂರ್ತಿ ಹೆಣ್ಣಲ್ವಾ ಮೇಡಂ?"

ಉಳಿದದ್ದೆಲ್ಲ ಆಮೇಲೆ ಎಂದುಕೊಂಡೆ. ಆ ಹಾರ್ಮೋನು ಎಲ್ಲ ಹೆಂಗಸರ ಅಂಡಾಶಯದಲ್ಲೂ ತಯಾರಾಗುತ್ತದೆ, 'ಗಂಡಸರದು' ಅನ್ನೋ ಹೆಸರೇ ಅರ್ಧ ಸುಳ್ಳು ಎಂದೆ. ನಿನ್ನಲ್ಲಿ ಅದು ಜಾಸ್ತಿಯಾಗಿದೆ, ಅದರಲ್ಲಿ ಇನ್ಸುಲಿನ್ನಿನ ಕೈವಾಡವೂ ಇರಬಹುದು. ಸ್ನಾಯುಗಳು ಇನ್ಸುಲಿನ್ ಮಾತಿಗೆ ಕಿವಿಗೊಡದಿದ್ದರೆ ಮೇದೋಜೀರಕ ಇನ್ನಷ್ಟು ಸುರಿಸುತ್ತದೆ. ಅಂಡಾಶಯಕ್ಕೆ ಆ ಕಿವುಡಿಲ್ಲ. ಇನ್ಸುಲಿನ್ ಏರಿದಂತೆ ಟೆಸ್ಟೋಸ್ಟೆರಾನ್ ಜಾಸ್ತಿ ಮಾಡುತ್ತದೆ. ಅದನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ಮಾಡುವುದರಿಂದ ಬಿಡಿ ಹಾರ್ಮೋನು ಕೂದಲ ಬುಡಕ್ಕೆ ಹೋಗುತ್ತದೆ. ಕತ್ತಿನ ಕಪ್ಪು ಬಹುಮಟ್ಟಿಗೆ ಈ ಇನ್ಸುಲಿನ್ನಿನದೇ ಗುರುತು.

ಖಾಲಿ ಹೊಟ್ಟೆಯ ಶುಗರ್ 92 ಎಂದು ಮನೆಯವರು ನಿಶ್ಚಿಂತರಾಗಿದ್ದರು. ಇನ್ಸುಲಿನ್ ಎರಡಾಳಿನ ದುಡಿಮೆ ದುಡಿಯುವಷ್ಟು ದಿನ ಶುಗರ್ ಸರಿಯಾಗೇ ಕಾಣುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಮಾಡುವ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳು, ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡುವಂತೆ ಮಾಡುವ ಮೆಟ್‌ಫಾರ್ಮಿನ್ ಮಾತ್ರೆ ಬೇಕೋ ಬೇಡವೋ ಅವರೇ ಹೇಳಲಿ ಎಂದೆ. ಮುಟ್ಟು ಮೂರು ತಿಂಗಳು ದಾಟಿದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು, ಈ ವಾರವೇ ತೋರಿಸು. ('ಮದುವೆ ಆದ್ರೆ ಸರಿಹೋಗುತ್ತೆ' ಎಂದು ಅತ್ತೆಯೊಬ್ಬರು ಹೇಳಿದ್ದರಂತೆ. ಎಷ್ಟನೇ ಸಲ ಕೇಳುತ್ತಿದ್ದೇನೋ!)

ಅನ್ನ ಬಿಡಬೇಕಿಲ್ಲ, ಅರ್ಧಕ್ಕಿಳಿಸಿ ಕಾಳಿನ ಪಲ್ಯ ಹೆಚ್ಚಿಸು. ಊಟವಾದ ಮೇಲೆ ನಡೆ. 70 ಕೆಜಿಯಲ್ಲಿ ನಾಲ್ಕೈದು ಇಳಿದರೂ ಮುಟ್ಟು ಮರಳುವುದುಂಟು. ಥ್ರೆಡಿಂಗ್ ಮಾಡಿಸಿದರೆ ಕೂದಲು ದಪ್ಪವಾಗುವುದಿಲ್ಲ, ಹೆದರಬೇಡ. ಔಷಧಿಯಿಂದ ಕೂದಲು ಕಮ್ಮಿಯಾಗಲು ಆರು ತಿಂಗಳಾದರೂ ಬೇಕು.

ಕೊನೆಗೆ ತಾಯಿಯನ್ನು ಒಳಗೆ ಕರೆದು, ತಿಕ್ಕುವುದು ನಿಲ್ಲಿಸಿ, ಅದು ಕೊಳೆಯಲ್ಲ ಎಂದೆ. ಅವರು ಮಗಳ ಕತ್ತನ್ನೇ ನೋಡುತ್ತಾ ಕೂತರು. "ನಮ್ಮಮ್ಮನಿಗೂ ಹಿಂಗೇ ಇತ್ತು ಮೇಡಂ. ಆಮೇಲೆ ಶುಗರ್ ಬಂತು."

ಡಾಕ್ಟರಿಗೆ ಕೊಡುವ ಚೀಟಿಯಲ್ಲಿ ಅದನ್ನೂ ಬರೆದೆ.