ಬಸಿಗಾಲುವೆಗೆ ಬಿದ್ದ ಮಣ್ಣು

ಶಿರಸಿಯ ಅಡಿಕೆ ಬೆಳೆಗಾರರೊಬ್ಬರ ಪತ್ರ: "ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕೆಡಲು ಬೆಳವಣಿಗೆಯ ಅಂಶಗಳೂ ಕಾರಣ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಬೆಳವಣಿಗೆ ಒಳ್ಳೆಯದಲ್ವಾ? ನನಗೂ ಶುಗರ್ ಇದೆ. ಅದನ್ನು ಹಿಡಿತದಲ್ಲಿಡಿ ಅಂದರೆ ಸಾಕು. ಪ್ರಯೋಗಾಲಯದ ಮಾತು ನಮಗ್ಯಾಕೆ?"

ಶುಗರ್ ಹಿಡಿತದಲ್ಲಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಅಷ್ಟೇ ಸಾಕು' ಅಂದಿರಲ್ಲ, ಅದನ್ನು ನಾನು ಒಪ್ಪಲಾರೆ.

ನಿಮ್ಮ ತೋಟವನ್ನೇ ನೋಡಿ. ಮರದ ಬುಡಕ್ಕೆ ಹೊಸ ಮಣ್ಣು, ಸೊಪ್ಪು ಹಾಕುತ್ತೀರಿ. ಮರಕ್ಕೆ ಅದು ಬೇಕು. ಅದೇ ಮಣ್ಣು ಜಾರಿ ಬಸಿಗಾಲುವೆ ತುಂಬಿದರೆ? ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕಿಡ್ನಿಯಲ್ಲಿ ಲಕ್ಷಗಟ್ಟಲೆ ಸಣ್ಣ ಜರಡಿಗಳಿವೆ. ಬೆಳವಣಿಗೆಯ ಅಂಶ ಅಂದರೆ ಬೆಳೆಯಿರಿ ಅಂತ ಜೀವಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನು. ಅಂಥದ್ದೊಂದು ಟಿಜಿಎಫ್-ಬೀಟಾ, ಗಾಯ ಮಾಯಲು ಬೇಕಾದದ್ದು. ಆದರೆ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ, ಜರಡಿಯೊಳಗೆ ಒತ್ತಡವೂ ಹೆಚ್ಚಿದರೆ, ಈ ಅಂಶ ಬೇಡದ ಕಡೆ ಜಾಸ್ತಿಯಾಗುತ್ತದೆ. ಆಗ ಅಲ್ಲಿನ ಜೀವಕೋಶಗಳು ಕೊಲಾಜನ್‌ನಂಥ ನಾರು ವಸ್ತುವನ್ನು ಸುರಿಯುತ್ತಲೇ ಇರುತ್ತವೆ. ಮೊದಮೊದಲು ಕಿಡ್ನಿ ದೊಡ್ಡದಾಗಿ ಜಾಸ್ತಿಯೇ ಸೋಸುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ ಒಂದೊಂದೇ ಜರಡಿ ಗಟ್ಟಿಯಾಗಿ ಮುಚ್ಚುತ್ತಾ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಕಿಡ್ನಿಯಲ್ಲಿ ಕಾಣುವ ಈ ನಾರಿನ ಗಂಟುಗಳನ್ನು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು 1936ರಲ್ಲೇ ವಿವರಿಸಿದ್ದರು.

ಆ ಅಂಶವನ್ನೇ ತಡೆಯಬಾರದೇ ಅಂತ ಕೇಳಬಹುದು. ಇಲಿಗಳಲ್ಲಿ ತಡೆದಾಗ ಒಳ್ಳೆಯ ಫಲ ಸಿಕ್ಕಿತು. ಮನುಷ್ಯರ ಮೇಲೆ ನಡೆದ ಪ್ರಯೋಗವನ್ನು ಪ್ರಯೋಜನ ಕಾಣದೆ ಅರ್ಧಕ್ಕೇ ನಿಲ್ಲಿಸಿದರು. ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಇನ್ನೊಂದು ಅಂಶವಂತೂ ಹೆಚ್ಚಾದರೂ ಕಷ್ಟ, ತೀರಾ ಕಡಿಮೆಯಾದರೂ ಕಷ್ಟ. ಆದರೆ ಸುತ್ತುದಾರಿಯೊಂದಿದೆ. ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಟಿಜಿಎಫ್-ಬೀಟಾವನ್ನು ಹೆಚ್ಚಿಸುತ್ತದೆ. ಆ ಹಾರ್ಮೋನಿಗೆ ಅಡ್ಡ ನಿಲ್ಲುವ ಬಿಪಿ ಮಾತ್ರೆಗಳು ಕಿಡ್ನಿಯನ್ನು ಕಾಯುತ್ತವೆ ಅಂತ ಗೊತ್ತಾಯಿತು. ಅಂಥ ಮಾತ್ರೆಗಳಲ್ಲಿ ಕ್ಯಾಪ್ಟೊಪ್ರಿಲ್‌ನ ಫಲಿತಾಂಶ ಬಂದದ್ದು 1993ರಲ್ಲಿ, ಲೊಸಾರ್ಟಾನ್‌ನದು 2001ರಲ್ಲಿ. ಬಿಪಿ ಇಳಿದದ್ದರಿಂದಷ್ಟೇ ಸಿಕ್ಕ ಫಲ ಅದಲ್ಲ. ನೀವು ಬೇಡ ಅಂದ ಪ್ರಯೋಗಾಲಯದ ಮಾತು ಇದೇ.

ನನಗೆ ಇದರಲ್ಲಿ ಇಷ್ಟು ಹಟ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಕುಮಟಾದ ನನ್ನ ದೊಡ್ಡಪ್ಪ ಪಟ್ಟಿ ಪುಸ್ತಕದಲ್ಲಿ ದಿನಾ ಶುಗರ್ ಬರೆದಿಡುತ್ತಿದ್ದರು. ಅಷ್ಟು ಇಷ್ಟದ ಜೋನಿಬೆಲ್ಲ ಬಿಟ್ಟರು. ಹನ್ನೆರಡು ವರ್ಷ ಒಂದೇ ಕಡೆ ತೋರಿಸಿದರು. ಜರಡಿ ಕೆಟ್ಟಾಗ ಸೋರುವ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಹೋಗುತ್ತಿದೆಯೇ ಅಂತ ಅಲ್ಲಿ ಒಮ್ಮೆಯೂ ನೋಡಲಿಲ್ಲ. ಕಾಲು ಊದಿದ ಮೇಲೆ ನೋಡಿದರು. ಆಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಅವರನ್ನು ಕರೆದುಕೊಂಡು ಹೋದವನು ನಾನು. ಬರುವಾಗ ಅವರು ಕಾರಿನ ಕಿಟಕಿಗೆ ತಲೆಯಿಟ್ಟು ಮಲಗಿಬಿಡುತ್ತಿದ್ದರು.

ಕಿಡ್ನಿ ತಜ್ಞರನ್ನು ಕಾಣಲು ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡುವ ಜಿಲ್ಲೆ ನಮ್ಮದು. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೇಳಿತು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ರೋಗಿ ಎಲ್ಲಿಗೆ ಹೋಗಬೇಕು? ಬೇರೆ ಊರಿನವರು ತಡವಾಗಿ ಎಚ್ಚೆತ್ತರೂ ನಡೆದೀತು. ನಮಗೆ ನಡೆಯುವುದಿಲ್ಲ.

ಪರೀಕ್ಷೆ ಸುಲಭ. ಬೆಳಗಿನ ಮೂತ್ರ ಸ್ವಲ್ಪ ಕೊಟ್ಟರೆ ಆಯಿತು. ಮೂತ್ರದಲ್ಲಿ ಕ್ರಿಯಾಟಿನಿನ್ ಎಂಬ ಕಸ ಇರುತ್ತದೆ; ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಮುಟ್ಟಿದರೆ ಇನ್ನೊಮ್ಮೆ ಮಾಡಿಸಿ, ಡಾಕ್ಟರ ಹತ್ತಿರ ಕೂತು ಮಾತಾಡಿ. ವರ್ಷಕ್ಕೊಂದು ಸಲ ತಪ್ಪಿಸಬೇಡಿ. ನೀವು ಎರಡು ಪುಟ ಬರೆದಿದ್ದೀರಿ, ಊಟದ ಮೊದಲಿನ ಶುಗರ್, ನಂತರದ ಶುಗರ್ ಎಲ್ಲ ಇದೆ. ಮೂತ್ರದ ಅಲ್ಬುಮಿನ್ ಕೊನೆಯ ಸಲ ನೋಡಿಸಿದ್ದು ಯಾವಾಗ? ಮುಂದಿನ ಪತ್ರದಲ್ಲಿ ಅದೊಂದನ್ನು ಬರೆದು ತಿಳಿಸಿ.